ಆಮೆ ಊಟ ಬಿಟ್ಟಾಗ ಮೊದಲು ನೀರು ಮುಟ್ಟಿ ನೋಡಿ

ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಬೆಂಗಳೂರು, ಮೈಸೂರು, ಹಾಸನ, ಬೆಳಗಾವಿಯಂಥ ಊರುಗಳಲ್ಲಿ ಆಮೆ ಸಾಕಿದವರ ಮನೆಯಿಂದ ಒಂದೇ ದೂರು ಕೇಳಿಬರುತ್ತದೆ: ‘ಆಮೆ ಏನೂ ತಿಂತಾ ಇಲ್ಲ.’ ದೀಪಾವಳಿಯವರೆಗೂ ಡಬ್ಬಿ ಅಲುಗಿಸಿದ ಸದ್ದಿಗೇ ಕತ್ತು ಚಾಚಿ ಈಜಿ ಬರುತ್ತಿದ್ದ ಪ್ರಾಣಿ ಈಗ ತೊಟ್ಟಿಯ ಮೂಲೆ ಹಿಡಿದು, ಕೈಕಾಲು ಒಳಗೆಳೆದುಕೊಂಡು ಕೂತಿರುತ್ತದೆ. ಹಾಕಿದ ಕಾಳು ನೀರಿನಲ್ಲಿ ಉಬ್ಬಿ, ಒಡೆದು, ತಳ ಸೇರುತ್ತದೆ. ಮಕ್ಕಳ ಮುಖ ಬಾಡುತ್ತದೆ. ದೊಡ್ಡವರು ಅಂಗಡಿಗೆ ಓಡಿ ಬೇರೆ ಕಂಪನಿಯ ಪೆಲೆಟ್ ತರುತ್ತಾರೆ, ಒಣಸೀಗಡಿ ತರುತ್ತಾರೆ, ಯಾರೋ ಹೇಳಿದ ಡ್ರಾಪ್ಸ್ ನೀರಿಗೆ ಬಿಡುತ್ತಾರೆ. ಆಮೆ ಮಾತ್ರ ಬಾಯಿ ತೆರೆಯುವುದಿಲ್ಲ.

ಬಹಳಷ್ಟು ಸಲ ತೊಂದರೆ ಊಟದಲ್ಲಿ ಇರುವುದೇ ಇಲ್ಲ, ಆಮೆ ಇರುವ ಜಾಗದಲ್ಲಿ ಇರುತ್ತದೆ. ನೀರು ತಣ್ಣಗಾಗಿರುತ್ತದೆ, ಬಿಸಿಲು ಸಿಕ್ಕಿರುವುದಿಲ್ಲ, ಇಲ್ಲವೇ ನೀರು ಕೆಟ್ಟಿರುತ್ತದೆ. ಇಷ್ಟನ್ನು ಸರಿಪಡಿಸದೆ ಎಷ್ಟು ಬಗೆಯ ತಿನಿಸು ಹಾಕಿದರೂ ಅದು ತೊಟ್ಟಿಯನ್ನು ಇನ್ನಷ್ಟು ಕೊಳೆಸುತ್ತದೆಯೇ ಹೊರತು ಆಮೆಯ ಹೊಟ್ಟೆ ಸೇರುವುದಿಲ್ಲ.

ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ದೊಡ್ಡ ನಾಣ್ಯದಷ್ಟಿರುವಾಗಲೇ ಮಾರಾಟವಾಗುವ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಹಸಿರು ಆಮೆಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು. ಅಲ್ಲಿ ಅದು ನಿಧಾನವಾಗಿ ಹರಿಯುವ, ಗಿಡ ಬೆಳೆದ ನೀರಿನಲ್ಲಿದ್ದು, ದಿನದ ಬಹುಹೊತ್ತು ಬಿದ್ದ ಮರದ ದಿಮ್ಮಿಯ ಮೇಲೆ ಬಿಸಿಲು ಕಾಯಿಸುತ್ತದೆ. ಹೆಣ್ಣು ಬೆಳೆದರೆ ಚಿಪ್ಪೇ 30 ಸೆಂಟಿಮೀಟರ್ ಹತ್ತಿರ ಬರಬಹುದು. ಚೆನ್ನಾಗಿ ನೋಡಿಕೊಂಡರೆ 20 ವರ್ಷ ದಾಟಿ, 30 ವರ್ಷವೂ ಬದುಕುತ್ತದೆ. ಅಂಥ ಪ್ರಾಣಿಯನ್ನು ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟ ಅಂಗೈಯಗಲದ ಡಬ್ಬಿಯಲ್ಲಿ ಹಾಕಿ, ‘ದಿನಕ್ಕೆ ನಾಲ್ಕು ಕಾಳು ಸಾಕು’ ಎಂದು ಕೊಟ್ಟು ಕಳಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಆಮೆ ನಮ್ಮ ಹಾಗೆ ಒಳಗಿನಿಂದ ಬಿಸಿ ಹುಟ್ಟಿಸಿಕೊಳ್ಳುವ ಪ್ರಾಣಿ ಅಲ್ಲ. ಸುತ್ತಲಿನ ನೀರು, ಕಲ್ಲು, ಬಿಸಿಲು ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ಜೀರ್ಣರಸಗಳು ಕೆಲಸ ಮಾಡುವುದು, ಕರುಳು ಚಲಿಸುವುದು, ಸೋಂಕಿನ ವಿರುದ್ಧ ರಕ್ತ ಹೋರಾಡುವುದು ಎಲ್ಲವೂ ಆ ಬಿಸಿಯನ್ನೇ ನೆಚ್ಚಿಕೊಂಡಿವೆ. ಸ್ಲೈಡರ್‌ಗೆ ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು, ಹತ್ತಿ ಕೂರುವ ಕಲ್ಲು 30ರಿಂದ 35 ಡಿಗ್ರಿ ಇರಬೇಕು. ನೀರು 20ಕ್ಕಿಂತ ಕೆಳಗಿಳಿದರೆ ಹಸಿವು ಮಂದವಾಗುತ್ತದೆ. ಇನ್ನೂ ಇಳಿದರೆ ನಿಂತೇ ಹೋಗುತ್ತದೆ. ಇದು ಆಮೆಯ ಹಟವಲ್ಲ. ತಿಂದದ್ದನ್ನು ಕರಗಿಸಲು ಮೈಯಲ್ಲಿ ಬಿಸಿ ಇಲ್ಲದಾಗ ತಿನ್ನದಿರುವುದೇ ಅದಕ್ಕೆ ಕ್ಷೇಮ. ತಣ್ಣಗಿರುವ ಆಮೆಗೆ ಬಲವಂತವಾಗಿ ತಿನ್ನಿಸಿದರೆ ಆಹಾರ ಕರುಳಿನಲ್ಲೇ ಕೊಳೆಯುತ್ತದೆ.

ಇನ್ನೊಂದು ವಿಚಾರ ನಮ್ಮ ದಕ್ಷಿಣದ ಊರುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ತವರಿನಲ್ಲಿ ಈ ಆಮೆಗಳು ಕಡುಚಳಿಯಲ್ಲಿ ಕೆರೆಯ ತಳ ಸೇರಿ, ಉಸಿರಾಟ, ಎದೆಬಡಿತ ಎಲ್ಲವನ್ನೂ ತಗ್ಗಿಸಿಕೊಂಡು ತಿಂಗಳುಗಟ್ಟಲೆ ನಿಶ್ಚಲವಾಗಿರುತ್ತವೆ. ಆ ನೀರು 10 ಡಿಗ್ರಿಗಿಂತ ಕೆಳಗೆ ಇರುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳು 15–16 ಡಿಗ್ರಿಯ ಆಸುಪಾಸು, ಹಗಲು 27ರವರೆಗೂ ಏರುತ್ತದೆ. ಮನೆಯೊಳಗಿನ ತೊಟ್ಟಿಯ ನೀರು ಬಹುಕಾಲ 18–20ರಲ್ಲೇ ನಿಂತಿರುತ್ತದೆ. ನಿದ್ದೆಗೆ ಇಷ್ಟು ತಂಪು ಸಾಲದು, ಜೀರ್ಣಕ್ಕೆ ಇಷ್ಟು ಬಿಸಿ ಸಾಲದು. ಮೈಯೊಳಗೆ ಕೂಡಿಟ್ಟ ಶಕ್ತಿ ಖರ್ಚಾಗುತ್ತಲೇ ಇರುತ್ತದೆ, ಹೊಸದು ಸೇರುವುದಿಲ್ಲ, ರೋಗ ತಡೆಯುವ ಬಲವೂ ಕುಗ್ಗಿರುತ್ತದೆ. ‘ಚಳಿಗಾಲದಲ್ಲಿ ಆಮೆ ಮಲಗುತ್ತದೆ ಬಿಡಿ, ಬೇಸಿಗೆಗೆ ಸರಿಹೋಗುತ್ತದೆ’ ಎಂದು ಅಂಗಡಿಯವರು ಹೇಳುವ ಸಮಾಧಾನ ಅಪಾಯದ್ದು. ಫೆಬ್ರವರಿಯ ಹೊತ್ತಿಗೆ ನ್ಯುಮೋನಿಯಾ ಹಿಡಿದು ವೈದ್ಯರ ಬಳಿ ಬರುವ ಆಮೆಗಳಲ್ಲಿ ಹಲವು ಇಂಥ ಅರೆಬೆಚ್ಚನೆಯ ನೀರಲ್ಲಿ ಎರಡು ತಿಂಗಳು ಕಳೆದಂಥವು.

ಕಳೆದ ಚಳಿಗಾಲದಲ್ಲಿ ಪರಿಚಿತರ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಆರನೇ ತರಗತಿಯ ಹುಡುಗಿ, ಅವಳ ಆಮೆಯ ಹೆಸರು ಚುಕ್ಕಿ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಗಾಜಿನ ತೊಟ್ಟಿ. ‘ಅಂಕಲ್, ಸೀಗಡಿ ಹಾಕಿದ್ರೂ ಮೂಸಿ ನೋಡಲ್ಲ’ ಎಂದಳು. ಅಕ್ವೇರಿಯಂ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟೆವು. ಕೆಂಪು ಗೆರೆ 18ರಲ್ಲಿ ನಿಂತಿತು. ತೊಟ್ಟಿಯನ್ನು ಒಳಗಿನ ಕೋಣೆಗೆ ಸಾಗಿಸಿ, ಹೀಟರ್ ಹಾಕಿ, ಒಮ್ಮೆಲೇ ಏರಿಸದೆ ದಿನಕ್ಕೆ ಒಂದೆರಡು ಡಿಗ್ರಿಯಂತೆ 27ಕ್ಕೆ ತಂದರು. ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಬಲ್ಬು ತೂಗಿಸಿದರು. ಚುಕ್ಕಿ ಮೊದಲು ಮಾಡಿದ್ದು ಊಟವಲ್ಲ, ಇಟ್ಟಿಗೆ ಹತ್ತಿ ಹಿಂಗಾಲನ್ನು ಹಿಂದಕ್ಕೆ ನೀಟಾಗಿ ಚಾಚಿ, ಬೆರಳು ಬಿಡಿಸಿ, ಕಣ್ಣು ಮುಚ್ಚಿ ಬಿಸಿ ಹೀರಿದ್ದು. ಹಸಿವು ಬಂದದ್ದು ಅದಾದ ಕೆಲವು ದಿನಗಳಿಗೆ. ಹುಡುಗಿ ಚಿಮಟದಲ್ಲಿ ಹಿಡಿದ ಎರೆಹುಳುವನ್ನು ನೀರಲ್ಲಿ ಆಡಿಸಿದಳು. ಚುಕ್ಕಿ ಕತ್ತು ನಿಧಾನವಾಗಿ ಮುಂದೆ ತಂದಿತು. ಗಂಟಲ ಕೆಳಗಿನ ಚರ್ಮ ಪುಟಪುಟನೆ ಮಿಡಿಯಿತು. ವಾಸನೆ ಹಿಡಿಯುವಾಗ ಅದು ಹಾಗೆ ಮಿಡಿಯುತ್ತದೆ. ಥಟ್ಟನೆ ಕಚ್ಚಿ, ಮುಂಗಾಲ ಉಗುರುಗಳಿಂದ ಹರಿದು, ಒಂದು ಗುಟುಕು ನೀರಿನ ಜೊತೆ ಒಳಗೆಳೆದುಕೊಂಡಿತು.

ಹೀಗೆ ನೀರಿನ ಜೊತೆಗೇ ನುಂಗುವುದು ಇವುಗಳ ದೇಹರಚನೆ. ಸ್ಲೈಡರ್‌ನ ನಾಲಿಗೆ ನೆಲದಾಮೆಯ ನಾಲಿಗೆಯಂತೆ ತುತ್ತನ್ನು ಹಿಂದಕ್ಕೆ ತಳ್ಳಲಾರದು. ಬಾಯಿ, ಗಂಟಲು ಅಗಲಿಸಿ ನೀರನ್ನು ಒಳಗೆಳೆದಾಗ ಆಹಾರವೂ ಅದರೊಡನೆ ಸಾಗಬೇಕು. ಹೊಸದಾಗಿ ಸಾಕುವವರು ಆಮೆಯನ್ನು ತಟ್ಟೆಯಲ್ಲಿಟ್ಟು ಮುಂದೆ ಕಾಳು ಸುರಿದು, ‘ತಿನ್ನುತ್ತಿಲ್ಲ’ ಎಂದು ಕಂಗಾಲಾಗುವುದುಂಟು. ಅದು ತಿನ್ನಬೇಕಾದರೆ ತಲೆ ಮುಳುಗುವಷ್ಟು ನೀರು ಬೇಕೇ ಬೇಕು.

ಹೀಟರ್ ವಿಷಯದಲ್ಲಿ ಒಂದೆರಡು ಎಚ್ಚರಿಕೆ. ಮೀನಿನ ತೊಟ್ಟಿಗೆ ಹಾಕುವ ಗಾಜಿನ ಹೀಟರನ್ನು ಬೆಳೆದ ಆಮೆ ಗುದ್ದಿ ಒಡೆಯಬಲ್ಲದು. ಅದಕ್ಕೆ ಜಾಲರಿಯ ರಕ್ಷಾಕವಚ ಹಾಕಿ, ಇಲ್ಲವೇ ಒಡೆಯದ ಮಾದರಿ ಕೊಳ್ಳಿ. ಹೀಟರ್ ಸದಾ ಮುಳುಗಿರಬೇಕು, ತೊಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ ಆರಿಸಲೇಬೇಕು. ಮೇಲಿನ ಬಲ್ಬು ನೀರಿಗೆ ಬೀಳದಂತೆ ಭದ್ರವಾಗಿ ಕಟ್ಟಿರಬೇಕು.

ಬಿಸಿಲಿನ ಮಾತಿಗೆ ಬರೋಣ. ಕಾವು ಬೇರೆ, ಬಿಸಿಲಿನೊಳಗಿನ ನೇರಳಾತೀತ ಕಿರಣ ಬೇರೆ. ಅದರಲ್ಲೂ ಯುವಿಬಿ ಎಂಬ ಪಟ್ಟಿ ಮೈಗೆ ಬಿದ್ದಾಗಲೇ ಆಮೆಯ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೂ ಚಿಪ್ಪಿಗೂ ಸೇರುವುದಿಲ್ಲ. ಚಿಪ್ಪು ಒತ್ತಿದರೆ ಬಗ್ಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊನೆಗೆ ಕಚ್ಚುವ ಶಕ್ತಿಯೇ ಹೋಗಿ ಆಮೆ ಊಟ ಬಿಡುತ್ತದೆ. ‘ನಮ್ಮ ಕಿಟಕಿಯ ಹತ್ತಿರ ಒಳ್ಳೇ ಬಿಸಿಲು ಬರುತ್ತೆ’ ಎನ್ನುವವರು ತಿಳಿಯಬೇಕಾದ್ದು: ಕಿಟಕಿಯ ಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಗಾಜಿನ ಹಿಂದೆ ಕಾವು ಸಿಗುತ್ತದೆ, ಬೇಕಾದ ಬೆಳಕು ಸಿಗುವುದಿಲ್ಲ. ಸರೀಸೃಪಗಳಿಗೆಂದೇ ಮಾರುವ ಯುವಿಬಿ ದೀಪ ಹಾಕಬಹುದು. ಅದು ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಕಿರಣದ ಬಲ ಕುಂದುತ್ತದೆ, ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು.

ನಮ್ಮ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ವರ್ಷದ ಬಹುಪಾಲು ನಮಗೆ ಬಿಸಿಲಿಗೆ ಬರವಿಲ್ಲ. ಬೆಳಗಿನ ಹೊತ್ತು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸ್ವಲ್ಪ ನೀರು, ಒಂದು ಕಲ್ಲು ಇಟ್ಟು, ಅರ್ಧಭಾಗಕ್ಕೆ ಹಲಗೆಯ ನೆರಳು ಮಾಡಿ ಅರ್ಧ ಗಂಟೆ ಬಿಡಿ. ನೆರಳು ಇರಲೇಬೇಕು, ಮೈ ಅತಿಯಾಗಿ ಕಾದರೆ ಆಮೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಡುವುದಂತೂ ಕೂಡದು. ಜೊತೆಗೆ ಯಾರಾದರೂ ಕೂತಿರಿ. ತಾರಸಿಯ ಮೇಲಿನ ಪುಟ್ಟ ಆಮೆಯನ್ನು ಹದ್ದು, ಕಾಗೆ ಎತ್ತಿಕೊಂಡು ಹೋಗುತ್ತವೆ.

ನೀರಿನ ಶುಚಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಮೆ ತಿನ್ನುವ ನೀರಿನಲ್ಲೇ ವಿಸರ್ಜಿಸುತ್ತದೆ, ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಗಲೀಜು ಮಾಡುತ್ತದೆ. ಮೀನಿಗೆ ಸಾಕಾಗುವ ಫಿಲ್ಟರಿನ ಎರಡು ಪಟ್ಟು ಬಲದ್ದು ಬೇಕು. ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಅಮೋನಿಯಾ ಆಮೆಯ ಕಣ್ಣು, ಚರ್ಮವನ್ನು ಸುಡಲು ಶುರುಮಾಡಿರುತ್ತದೆ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಬಳಸಿ. ಆಮೆಯ ತಲೆಗಿಂತ ಸಣ್ಣ ಕಲ್ಲುಗಳನ್ನು ತೊಟ್ಟಿಯ ತಳಕ್ಕೆ ಹಾಕಬೇಡಿ. ನುಂಗಿ ಕರುಳು ಕಟ್ಟಿಕೊಂಡು ಊಟ ಬಿಟ್ಟ ಪ್ರಕರಣಗಳಲ್ಲಿ ಎಕ್ಸ್‌ರೇ ತೆಗೆದಾಗ ಕಾಣುವುದು ಬಣ್ಣಬಣ್ಣದ ಅಕ್ವೇರಿಯಂ ಕಲ್ಲುಗಳೇ.

ಊಟವೇ ಕಾರಣವಾಗುವುದೂ ಉಂಟು, ಅದನ್ನು ಅಲ್ಲಗಳೆಯುತ್ತಿಲ್ಲ. ಮರಿಗಳು ಹುಳುಹುಪ್ಪಟೆ, ಸಣ್ಣ ಮೀನು ಹೆಚ್ಚು ತಿನ್ನುತ್ತವೆ, ಬೆಳೆದಂತೆ ಸೊಪ್ಪು, ನೀರುಗಿಡಗಳ ಪಾಲು ಹೆಚ್ಚಬೇಕು. ಮರಿಗೆ ದಿನವೂ ಊಟ ಬೇಕು, ಬೆಳೆದ ಆಮೆಗೆ ಎರಡು ಮೂರು ದಿನಕ್ಕೊಮ್ಮೆ ಸಾಕು. ದಿನವೂ ಹಾಕುತ್ತಾ ‘ಎರಡು ದಿನದಿಂದ ಮುಟ್ಟಿಲ್ಲ’ ಎಂದು ಗಾಬರಿಯಾಗುವವರ ಆಮೆಗೆ ಹಲವು ಸಲ ಬರೀ ಹೊಟ್ಟೆ ತುಂಬಿರುತ್ತದೆ. ಹೊಸಮನೆಗೆ ಬಂದ ಆಮೆಯೂ ವಾರ, ಹತ್ತು ದಿನ ಮುದುಡಿಕೊಂಡೇ ಇರಬಹುದು. ಅದನ್ನು ಪದೇ ಪದೇ ಎತ್ತಿ ಆಡಿಸದೆ, ತೊಟ್ಟಿಯ ಒಂದು ಬದಿಗೆ ಬಟ್ಟೆ ಮರೆ ಮಾಡಿ ಬಿಟ್ಟುಬಿಡಿ. ಎರಡು ಆಮೆ ಒಟ್ಟಿಗಿದ್ದು ಒಂದು ಮಾತ್ರ ತಿನ್ನುತ್ತಿಲ್ಲವೆಂದರೆ ಇನ್ನೊಂದು ಅದನ್ನು ಹೆದರಿಸುತ್ತಿರಬಹುದು. ಒಂದು ವಾರ ಬೇರೆ ಬೇರೆ ಇಟ್ಟರೆ ಗೊತ್ತಾಗಿಬಿಡುತ್ತದೆ.

ಒಣಸೀಗಡಿಯೊಂದನ್ನೇ ತಿಂದು ಬೆಳೆದ ಆಮೆಯ ಕತೆ ಬೇರೆ. ಅದರಲ್ಲಿ ಎ ವಿಟಮಿನ್ ಸಾಲದು. ತಿಂಗಳುಗಳ ನಂತರ ಕಣ್ಣಿನ ರೆಪ್ಪೆ ಉಬ್ಬುತ್ತದೆ, ಆಮೇಲೆ ತೆರೆಯಲಾರದಷ್ಟು ಊದಿಕೊಳ್ಳುತ್ತದೆ. ಆಮೆ ಆಹಾರವನ್ನು ಬಹಳಮಟ್ಟಿಗೆ ಕಣ್ಣಿನಿಂದಲೇ ಹುಡುಕುವ ಪ್ರಾಣಿ. ಕಾಣದಿದ್ದರೆ ಮುಂದಿಟ್ಟದ್ದನ್ನೂ ಮುಟ್ಟುವುದಿಲ್ಲ. ಮನೆಯವರು ಇದನ್ನು ಕಣ್ಣಿನ ಸೋಂಕು ಎಂದುಕೊಂಡು ಮನುಷ್ಯರ ಕಣ್ಣಿನ ಡ್ರಾಪ್ಸ್ ಹಾಕಿ ದಿನ ಕಳೆಯುತ್ತಾರೆ. ಕಾಯಿಲೆ ಬರದಂತೆ ತಡೆಯಲು ನಮ್ಮ ಅಡುಗೆಮನೆಯೇ ಸಾಕು: ಸಿಹಿಗುಂಬಳ, ಕ್ಯಾರೆಟ್, ಗೆಣಸನ್ನು ತುರಿದು ಅಥವಾ ಮೆತ್ತಗೆ ಬೇಯಿಸಿ ಕೊಡಬಹುದು. ನುಗ್ಗೆಸೊಪ್ಪು, ಮೆಂತ್ಯಸೊಪ್ಪಿನ ಎಳೆ ಎಲೆ ಹಾಕಬಹುದು. ಪಾಲಕ್ ದಿನವೂ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಣ್ಣು ಊದಿಕೊಂಡ ಮೇಲೆ ಚಿಕಿತ್ಸೆ ವೈದ್ಯರದೇ. ಎ ವಿಟಮಿನ್ ಇಂಜೆಕ್ಷನ್ ಅಳತೆ ಮೀರಿದರೆ ಆಮೆಯ ಚರ್ಮವೇ ಸುಲಿದು ಬರುತ್ತದೆ.

ಅನ್ನ, ಬ್ರೆಡ್, ಹಾಲು, ಬಿಸ್ಕತ್ತು ಯಾವ ಕಾರಣಕ್ಕೂ ಕೊಡಬೇಡಿ.

ಬೆಳೆದ ಹೆಣ್ಣಾಮೆ ಊಟ ಬಿಟ್ಟು, ತೊಟ್ಟಿಯಲ್ಲಿ ಸಮಾಧಾನವಿಲ್ಲದೆ ಗೋಡೆ ಪರಚುತ್ತಾ, ಹಿಂಗಾಲಿನಿಂದ ಅಗೆಯುವ ಹಾಗೆ ಮಾಡುತ್ತಿದ್ದರೆ ಅದು ಮೊಟ್ಟೆಯ ಸೂಚನೆ. ‘ಗಂಡೇ ಇಲ್ಲವಲ್ಲ’ ಎನ್ನಬೇಡಿ, ಗಂಡಿಲ್ಲದೆಯೂ ಕೋಳಿಯ ಹಾಗೆ ಇವು ಮೊಟ್ಟೆ ಇಡುತ್ತವೆ, ಆ ಮೊಟ್ಟೆ ಮರಿಯಾಗುವುದಿಲ್ಲ ಅಷ್ಟೇ. ಹೊರಗೆ ಬಂದು ಅಗೆದು ಇಡಲು ಒದ್ದೆ ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಎರವಾಗುತ್ತದೆ. ಅಗಲವಾದ ಪೆಟ್ಟಿಗೆಯಲ್ಲಿ ಗೇಣುದ್ದ ಆಳಕ್ಕೆ ಮರಳು ಬೆರೆಸಿದ ತೇವದ ಮಣ್ಣು ಹಾಕಿ ಏಕಾಂತದಲ್ಲಿ ಬಿಟ್ಟುನೋಡಿ. ಆಗಲಿಲ್ಲವೆಂದರೆ ತಡಮಾಡದೆ ಎಕ್ಸ್‌ರೇ. ಕ್ಯಾಲ್ಸಿಯಂ, ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಆಮೆಗಳು ಚೆನ್ನಾಗಿ ಸ್ಪಂದಿಸುತ್ತವೆ, ಅನೇಕ ಸಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಹಾಗಾದರೆ ಎಷ್ಟು ದಿನ ಕಾಯಬಹುದು? ಬೆಳೆದ, ಗಟ್ಟಿಮುಟ್ಟಾದ ಆಮೆ ಎರಡು ವಾರ ಉಪವಾಸವಿದ್ದರೂ ತಾಳಿಕೊಳ್ಳುತ್ತದೆ, ಮರಿಗೆ ಆ ತಾಕತ್ತಿಲ್ಲ. ದಿನ ಎಣಿಸುವುದಕ್ಕಿಂತ ತೂಕ ನೋಡುವುದು ಮೇಲು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತೂಕ ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಆಮೆ ಎಷ್ಟೇ ಚುರುಕಾಗಿ ಕಂಡರೂ ವೈದ್ಯರಿಗೆ ತೋರಿಸಬೇಕು. ಕೆಲವು ಲಕ್ಷಣ ಕಂಡರೆ ಅಷ್ಟೂ ಕಾಯಬೇಡಿ. ಈಜುವಾಗ ಒಂದು ಪಕ್ಕಕ್ಕೆ ವಾಲುವುದು, ಮುಳುಗಲಾರದೆ ತೇಲುವುದು, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುವುದು ಶ್ವಾಸಕೋಶದ ಸೋಂಕಿನ ಗುರುತು. ವಾಲುವುದಕ್ಕೆ ಕಾರಣ ಒಂದು ಶ್ವಾಸಕೋಶದಲ್ಲಿ ಕಫ ತುಂಬಿ ಭಾರವಾಗಿರುವುದು. ಅಂಥ ಆಮೆಯನ್ನು ಆಳದ ನೀರಿನಲ್ಲಿ ಬಿಟ್ಟರೆ ಮುಳುಗಿ ಸಾಯಬಹುದು. ಬೆಚ್ಚಗಿನ ಪೆಟ್ಟಿಗೆಯಲ್ಲಿ, ಒದ್ದೆಬಟ್ಟೆಯ ಮೇಲೆ ಇಟ್ಟು ಕರೆದೊಯ್ಯಿರಿ. ಬಾಯಿಯೊಳಗೆ ಹಳದಿ ಗಟ್ಟಿ ಪದಾರ್ಥ, ಚಿಪ್ಪಿನಲ್ಲಿ ಮೆತ್ತಗಿರುವ, ಕೆಟ್ಟ ವಾಸನೆ ಬರುವ ಕಲೆ ಕಂಡರೂ ಹಾಗೆಯೇ.

ಮನೆಯಲ್ಲಿ ಬಾಯಿ ಬಿಡಿಸಿ ಸಿರಿಂಜಿನಿಂದ ತಿನ್ನಿಸುವ ಸಾಹಸ ಬೇಡ. ಕೊಕ್ಕಿನ ಅಂಚು ಮುರಿಯುತ್ತದೆ, ಆಹಾರ ಶ್ವಾಸನಾಳಕ್ಕೆ ಹೋಗುತ್ತದೆ. ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ಆರೈಕೆ ಎಂದರೆ ದಿನಕ್ಕೆ ಇಪ್ಪತ್ತು ನಿಮಿಷ, ಗದ್ದ ಮುಟ್ಟುವಷ್ಟು ಉಗುರುಬೆಚ್ಚನೆಯ ನೀರಿನಲ್ಲಿ ಕೂರಿಸುವುದು. ನೀರು ಕುಡಿಯುತ್ತದೆ, ಮಲ ಸಡಿಲವಾಗುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ಹಸಿವು ಕೆರಳುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಿರಿ. ಆರೋಗ್ಯವಾಗಿ ಕಾಣುವ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳಿಗೆ ಅದರಿಂದ ತೊಂದರೆಯಾಗುತ್ತಿದ್ದ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ನಮ್ಮಲ್ಲಿ ಮಾರುವುದು ಬಹುತೇಕ ಆ ಅಳತೆಗಿಂತ ಸಣ್ಣವನ್ನೇ.

ವೈದ್ಯರನ್ನು ಹುಡುಕುವುದು ನಮ್ಮಲ್ಲಿ ಸುಲಭವಲ್ಲ. ನಾಯಿ, ಬೆಕ್ಕು, ದನಕರು ನೋಡುವವರೆಲ್ಲ ಆಮೆಯನ್ನು ನೋಡಿರುವುದಿಲ್ಲ. ಬೆಂಗಳೂರಿನಲ್ಲಿ ಹಕ್ಕಿ, ಸರೀಸೃಪಗಳ ಚಿಕಿತ್ಸೆಯಲ್ಲಿ ಪಳಗಿದವರಿದ್ದಾರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಉಳಿದ ಊರಿನವರು ಹತ್ತಿರದ ಮೃಗಾಲಯದ ವೈದ್ಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಆಮೆಗೆ ಕಾಯಿಲೆ ಬಂದಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ, ಈಗಲೇ ಹೆಸರು, ವಿಳಾಸ ಗೊತ್ತುಮಾಡಿಕೊಂಡಿರಿ. ಹೋಗುವಾಗ ತೊಟ್ಟಿಯ ಫೋಟೋ, ನೀರಿನ ಡಿಗ್ರಿ, ತಿನಿಸಿನ ಪೊಟ್ಟಣ, ತೂಕ ಬರೆದ ಚೀಟಿ ಒಯ್ಯಿರಿ. ಪಳಗಿದ ವೈದ್ಯರು ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ಆಮೆಯ ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವ ಸಾಧ್ಯತೆ ಇರುವುದರಿಂದ ಔಷಧ ಅಲ್ಲೇ ಸೋರಿಹೋಗಬಾರದು ಎಂಬ ಎಚ್ಚರಿಕೆ ಅದು. ಔಷಧ ಕೊಡಿಸಿ ತಂದು ಮತ್ತೆ ತಣ್ಣೀರಿಗೆ ಬಿಟ್ಟರೆ ಪ್ರಯೋಜನವಿಲ್ಲ. ಆ್ಯಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡಲೂ ಮೈ ಬೆಚ್ಚಗಿರಬೇಕು.

ನಿಮ್ಮ ಮನೆಯಲ್ಲಿರುವುದು ಸ್ಲೈಡರ್ ಅಲ್ಲ, ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳಿರುವ ನೆಲದಾಮೆ ಎಂದಾದರೆ ವಿಷಯವೇ ಬೇರೆ. ನಕ್ಷತ್ರ ಆಮೆ ನಮ್ಮದೇ ಒಣನಾಡಿನ, ಕುರುಚಲು ಕಾಡಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಹುಲಿ, ಆನೆಗಳಿರುವ ಒಂದನೇ ಪರಿಚ್ಛೇದದಲ್ಲಿದೆ. ಅದೃಷ್ಟ ತರುತ್ತದೆಂದೋ ವಾಸ್ತುದೋಷ ಕಳೆಯುತ್ತದೆಂದೋ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅನ್ನ, ಹಾಲು ಕೊಟ್ಟು ನೆಲಹಾಸಿನ ಮೇಲೆ ಬಿಟ್ಟ ಆ ಆಮೆ ಊಟ ಬಿಟ್ಟಿದ್ದರೆ ಅದಕ್ಕೆ ಬೇಕಾದ್ದು ಹುಲ್ಲು, ಬಿಸಿಲು ಮತ್ತು ಅನುಭವಸ್ಥರ ಕೈ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ ಒಪ್ಪಿಸಿ. ಹೆದರಿ ಸಿಕ್ಕಲ್ಲಿ ಬಿಟ್ಟುಬರಬೇಡಿ.

ಸ್ಲೈಡರ್ ಸಾಕುವುದು ಕೈಲಾಗುತ್ತಿಲ್ಲ ಎನಿಸಿದಾಗ ಜನ ಹಿಡಿಯುವ ದಾರಿ ಪಕ್ಕದ ಕೆರೆ ಅಥವಾ ದೇವಸ್ಥಾನದ ಕಲ್ಯಾಣಿ. ಪುಣ್ಯದ ಕೆಲಸವೆಂದೇ ನಂಬಿ ಬಿಡುತ್ತಾರೆ. ಜಗತ್ತಿನ 100 ಅತಿ ಹಾನಿಕರ ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ನಮ್ಮ ಕೆರೆಗಳಿಗೆ ಸೇರಿದರೆ ಇಲ್ಲಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯಿಸುವ ಜಾಗಕ್ಕೂ ಪೈಪೋಟಿ ಕೊಡುತ್ತದೆ, ಹೊಸ ರೋಗಗಳನ್ನೂ ಹೊತ್ತುತರುತ್ತದೆ. ದಯವಿಟ್ಟು ಕೆರೆಗೆ ಬಿಡಬೇಡಿ. ದೊಡ್ಡ ತೊಟ್ಟಿ ಇರುವ, ಆಮೆ ಸಾಕಿ ಗೊತ್ತಿರುವ ಇನ್ನೊಂದು ಮನೆ ಹುಡುಕಿ, ಇಲ್ಲವೇ ಪ್ರಾಣಿ ರಕ್ಷಣಾ ಕೇಂದ್ರವನ್ನು ಕೇಳಿ. ಇನ್ನೂ ಕೊಂಡಿಲ್ಲದವರು, ಮಗುವಿನ ಹುಟ್ಟುಹಬ್ಬಕ್ಕೆಂದು ಆ ನಾಣ್ಯದಗಲದ ಮರಿಯನ್ನು ತರುವ ಮುನ್ನ ಒಮ್ಮೆ ಕೂತು ಲೆಕ್ಕ ಹಾಕಿ: ಅದು ಮುಪ್ಪಾಗುವ ಹೊತ್ತಿಗೆ ಆ ಮಗು ಮದುವೆಯಾಗಿ ಬೇರೆ ಊರಿನಲ್ಲಿರಬಹುದು, ಆಮೆಯ ನೀರಿನ ಬಿಸಿ ನೋಡುವ ಕೆಲಸ ಆಗಲೂ ನಿಮ್ಮದೇ ಆಗಿರುತ್ತದೆ. ಅದಕ್ಕೆ ಸಿದ್ಧರಿದ್ದರೆ ಮಾತ್ರ ತನ್ನಿ.